ನಲವತ್ತು ಮೇಷ್ಟ್ರು

"ನೀನ್ಯಾಕೆ ಅದ್ರಲ್ಲಿ? ನಮ್ಮ ಕಾರಲ್ಲಿ ಬಾ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಸ್ಮಶಾನ ತಲುಪ್ತೀವಿ," ಎಂದು ಸೋದರತ್ತೆ ತೋಳು ಹಿಡಿಯುವಷ್ಟರಲ್ಲಿ ಮೇಷ್ಟ್ರ ಮಗಳು ಶವವಾಹನದ ಮುಂದಿನ ಸೀಟಿಗೆ ಒಂದು ಕಾಲಿಟ್ಟಾಗಿತ್ತು. ಮನೆಯವರು ಯಾರಾದರೊಬ್ಬರು ಗಾಡಿಯಲ್ಲಿ ಇರಬೇಕು ಎಂದು ಚಾಲಕ ಹೇಳಿದಾಗ ನೆಂಟರೆಲ್ಲ ಮುಖ ಮುಖ ನೋಡಿಕೊಂಡಿದ್ದರು. ಹೆಣದ ಭಯವಲ್ಲ. ಬದುಕಿದ್ದಾಗಲೂ ಮೇಷ್ಟ್ರ ಜೊತೆ ಗಾಡಿಯಲ್ಲಿ ಯಾರೂ ಹೋಗುತ್ತಿರಲಿಲ್ಲ, ಅಷ್ಟೇ.

ಅವಳ ಅಪ್ಪ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರು. ರಸ್ತೆ ಬದಿಯ ಫಲಕದಲ್ಲಿ ನಲವತ್ತು ಎಂದಿದ್ದರೆ ನಲವತ್ತೇ. ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಸ್ಪೀಡೋಮೀಟರಿನ ಮುಳ್ಳು ಒಂದು ಗೆರೆ ಆಚೆ ಹೋಗದು. ಅದಕ್ಕೇ ನಲವತ್ತು ಮೇಷ್ಟ್ರು ಎಂಬ ಅಡ್ಡಹೆಸರು. ಅವರ ಕಾರಿನಲ್ಲಿ ಮದುವೆಗೆ ಹೊರಟರೆ ಆ ಜೋಡಿಯ ಮಗುವಿನ ಮುಖ ನೋಡಿಕೊಂಡೇ ಬರಬಹುದು ಎಂದು ನೆಂಟರು ನಗುತ್ತಿದ್ದರು. ಶಿಷ್ಯರಂತೂ ಲೈಸೆನ್ಸ್ ಕೈಗೆ ಬಂದ ದಿನವೇ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬಂತೆ, ಪಾಠ ಮರೆತರು.

ಮಗಳು ಮಾತ್ರ ಈ ಮಾತಿಗೆ ನಗುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು.

*

ವರ್ಷಗಳ ಹಿಂದೆ ಅಂದು, ಅಪ್ಪ ಓಡಿಸುತ್ತಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮನ ತಲೆ ಅವಳ ತೊಡೆಯ ಮೇಲಿತ್ತು. ಎದೆನೋವು.

"ಜೋರಾಗಿ ಹೋಗಿ ಅಪ್ಪಾ."

"ಶಾಲೆ ಬಿಡೋ ಹೊತ್ತಮ್ಮ. ಮಕ್ಕಳು ಅಡ್ಡ ಬರ್ತಾರೆ."

"ಅಮ್ಮ ಕಣ್ಣು ಬಿಡ್ತಿಲ್ಲಪ್ಪ."

ಅಪ್ಪನ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಮುಳ್ಳು ಅಲುಗಲಿಲ್ಲ. ಆಸ್ಪತ್ರೆಯ ಗೇಟಿನಲ್ಲೇ ಅಮ್ಮ ಹೋಗಿಬಿಟ್ಟಳು.

ಆಮೇಲೆ ಮಗಳು ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದಳು. ಅಪ್ಪನ ಕಾರು ಮತ್ತೆ ಹತ್ತಲಿಲ್ಲ. ಫೋನಿನಲ್ಲಿ ಅವರು "ಊಟ ಆಯ್ತಾ?" ಎನ್ನುವರು, ಇವಳು "ಹೂಂ" ಎನ್ನುವಳು. ಫೋನಿಟ್ಟ ಮೇಲೆ ಎರಡು ಮನೆಗಳೂ ಬಿಕೋ ಎನ್ನುತ್ತಿದ್ದವು.

*

"ನಂಗೂ ಗಾಡಿ ಕಲಿಸಿದ್ದು ಮೇಷ್ಟ್ರೇ," ಎಂದ ಶವವಾಹನದ ಚಾಲಕ, ಗೇರು ಬದಲಿಸುತ್ತ. "ಮೊದ್ಲು ಆಂಬುಲೆನ್ಸ್ ಓಡಿಸ್ತಿದ್ದೆ. ನಿಮ್ಮಮ್ಮ ಹೋದ್ಮೇಲೆ ನಮ್ಮ ಸ್ಟ್ಯಾಂಡಿಗೆ ಬಂದು ಕೂತ್ಕೊಳ್ಳೋರು. ಕೇಳೋದು ಒಂದೇ. ಜೋರಾಗಿ ಹೋಗಿದ್ರೆ ಅವಳು ಉಳೀತಿದ್ಲೇನಪ್ಪ ಅಂತ."

"ನೀವೇನಂದ್ರಿ?"

"ಗೊತ್ತಿಲ್ಲ ಮೇಷ್ಟ್ರೇ ಅಂತಿದ್ದೆ. ಎದ್ದು ಹೋಗೋರು. ಮುಂದಿನ ವಾರ ಬಂದು ಮತ್ತೆ ಅದನ್ನೇ ಕೇಳೋರು."

"ನನ್ನ ಕೇಳ್ಲೇ ಇಲ್ಲ."

"ನನ್ ಮಗಳು ಹೂಂ ಅಂದ್ಬಿಟ್ರೆ ಎಲ್ಲಿಗೆ ಹೋಗ್ಲಿ ಅಂತಿದ್ರು."

ಕೇಳಿದ್ದರೆ ಅವಳು ಹೂಂ ಎಂದೇ ಅನ್ನುತ್ತಿದ್ದಳು.

ಗಾಡಿ ನಲವತ್ತರಲ್ಲೇ ಸಾಗುತ್ತಿತ್ತು. ಹಿಂದೆ ಹಾರ್ನುಗಳು ಬಡಿದುಕೊಳ್ಳುತ್ತಿದ್ದವು. ನೆಂಟರ ಕಾರುಗಳು, ಶಿಷ್ಯರ ಬೈಕುಗಳು ಒಂದೊಂದಾಗಿ ಗಾಡಿಯನ್ನು ದಾಟಿ ತಿರುವಿನಲ್ಲಿ ಮರೆಯಾದವು.

"ನಾನೂ ಸ್ವಲ್ಪ ಆಕ್ಸಿಲರೇಟರ್ ಒತ್ತಲಾ?" ಎಂದ ಚಾಲಕ.

"ಬೇಡ. ಒಂದ್ನಿಮಿಷ ನಿಲ್ಸಿ."

ಅವಳು ಇಳಿದು, ಹಿಂದಿನ ಬಾಗಿಲು ತೆಗೆಸಿ, ಅಪ್ಪನನ್ನು ಮಲಗಿಸಿದ್ದ ಪೆಟ್ಟಿಗೆಯ ಪಕ್ಕದ ಹಲಗೆಯ ಮೇಲೆ ಕುಳಿತಳು. ಗಾಡಿ ಮತ್ತೆ ಅದೇ ನಿಧಾನದಲ್ಲಿ ಹೊರಟಿತು. ಸ್ವಲ್ಪ ಹೊತ್ತಿಗೆ ಅತ್ತೆಯ ಫೋನು ಬಂತು.

"ಎಲ್ಲಿದೀಯೇ? ನಾವೆಲ್ಲ ಬಂದು ಎಷ್ಟೊತ್ತಾಯ್ತು."

"ಅಪ್ಪನ ಜೊತೆ ಬರ್ತಿದೀನಿ ಅತ್ತೆ," ಎಂದಳು.

ಹಿಂಬಾಗಿಲ ಗಾಜಿನಲ್ಲಿ ರಸ್ತೆ ಉದ್ದಕ್ಕೂ ಬರಿದಾಗಿತ್ತು. ಹಂಪ್ ಬಂದಾಗ ಪೆಟ್ಟಿಗೆ ಕುಲುಕದಂತೆ ಅವಳು ಎರಡೂ ಕೈಗಳಿಂದ ಹಿಡಿದುಕೊಂಡಳು.