ಮಂಗಮ್ಮನ ಓದು ಜೀತವಲ್ಲ

ಹೆಣ್ಣುಮಗಳು ಹೆಚ್ಚು ಓದಿದರೆ ಮನೆಗೆ ಸಂತೋಷವೂ ಬರುತ್ತದೆ, ಜಗಳವೂ ಬರುತ್ತದೆ. ಬೈರಸಂದ್ರದ ಸೊಪ್ಪಿನ ಬೈರಣ್ಣನ ಮನೆಗೆ ಸಾವಿರದ ಒಂಬೈನೂರ ಅರವತ್ತೆರಡರ ಶ್ರಾವಣದಲ್ಲಿ ಎರಡೂ ಒಂದೇ ಬೆಳಗ್ಗೆ ಬಂದವು.

ಬೈರಣ್ಣ ಕೆರೆಯ ಹಿಂದಿನ ಅರ್ಧ ಎಕರೆಯಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಬೆಳೆದು ಜಯನಗರದ ಹೊಸ ಮನೆಗಳಿಗೆ ಹೊತ್ತು ಮಾರುವವನು. ಸೂರ್ಯನಿಗೆ ಕೈಮುಗಿಯದೆ ಒಂದು ದಿನವೂ ಕುಡುಗೋಲು ಮುಟ್ಟಿದವನಲ್ಲ. ಮಗಳು ಮಂಗಮ್ಮ ಎಂ.ಎಸ್ಸಿ. ಮುಗಿಸಿದ್ದಳು. ರಾಗಿಯ ತೆನೆಯನ್ನು ಸುಟ್ಟಂತೆ ಮಾಡುವ ಬೆಂಕಿರೋಗ ಎಲ್ಲಿಂದ ಬರುತ್ತದೆ, ಹೇಗೆ ತಡೆಯಬೇಕು ಎಂದು ಕಂಡುಹಿಡಿಯುವುದು ಅವಳ ಹಟ.

ಆ ಬೆಳಗ್ಗೆ ಚೂಡಾಮಣಿ ಟೀಚರು ಜಗಲಿಗೆ ಬಂದರು. ಹೈಸ್ಕೂಲಿನಲ್ಲಿ ಮಂಗಮ್ಮನಿಗೆ ಪಾಠ ಹೇಳಿದವರು ಅವರೇ. ಕೈಯಲ್ಲಿ ಪತ್ರಿಕೆ ಇತ್ತು. ಹೊರದೇಶದಿಂದ ಬಂದು ಪಿಎಚ್.ಡಿ. ಮಾಡುವವರಿಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾನಿಲಯ ವಿದ್ಯಾರ್ಥಿವೇತನ ಕೊಡುತ್ತದೆಂದು ಅದರಲ್ಲಿ ಪ್ರಕಟವಾಗಿತ್ತು. ಅರ್ಜಿಗೆ ಇನ್ನು ನಲವತ್ತು ದಿನ.

"ಪಿಎಚ್.ಡಿ. ಅಂದ್ರೇನು ಟೀಚರಮ್ಮ?" ಎಂದು ಬೈರಣ್ಣ ಕೇಳಿದ.

"ಇಲ್ಲೀವರೆಗೆ ಬೇರೆಯವರು ಬರೆದಿದ್ದನ್ನ ಓದಿದ್ಲು. ಇನ್ಮೇಲೆ ಯಾರಿಗೂ ಗೊತ್ತಿಲ್ಲದ್ದನ್ನ ತಾನೇ ಹುಡುಕಿ ಬರೀಬೇಕು. ಅದಕ್ಕೆ ಅವರು ಸಹಾಯ ಮಾಡ್ತಾರೆ."

"ಏನೇನು ಕೊಡ್ತಾರೆ?"

"ಮೂರು ವರ್ಷ ಫೀಸಿಲ್ಲ. ಇರೋಕೆ ಜಾಗ. ಊಟಕ್ಕೆ ತಿಂಗಳು ತಿಂಗಳೂ ಹಣ. ಹೋಗಿ ಬರೋ ಹಡಗಿನ ಚಾರ್ಜು. ಅಲ್ಲಿ ಚಳಿ ನೋಡಿ, ಉಣ್ಣೆ ಬಟ್ಟೆಗೂ ಬೇರೆ ಕೊಡ್ತಾರೆ."

ದಂಟಿನ ಕಟ್ಟಿಗೆ ಬಾಳೆನಾರು ಸುತ್ತುತ್ತಿದ್ದ ಬೈರಣ್ಣನ ಕೈ ನಿಂತಿತು.

"ಊಟ, ಇರೋಕೆ ಜಾಗ, ಚಳಿಗೆ ಕಂಬಳಿ, ಮೂರು ವರ್ಷ," ಎಂದ. "ನಂಗೂ ಹಿಂಗೇ ಹೇಳಿದ್ರು."

ಬೈರಣ್ಣನಿಗೆ ಎಂಟು ವರ್ಷವಾಗಿದ್ದಾಗ ಅವನಪ್ಪ ಊರಿನ ಜಮೀನ್ದಾರರ ದೊಡ್ಡಮನೆಯ ಪಡಸಾಲೆಯಲ್ಲಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ಮೂರು ವರ್ಷದ ಜೀತ ಎಂದಿದ್ದರು. ಜ್ವರ ಬಂದು ಮಲಗಿದ ದಿನಗಳನ್ನು ಅದಕ್ಕೆ ಕೂಡಿಸಿದರು. ಹರಿದ ಕಂಬಳಿಯ ಬೆಲೆಯನ್ನೂ ಕೂಡಿಸಿದರು. ಹುಡುಗ ಹೊರಗೆ ಬಂದಾಗ ಅವನಿಗೆ ಮೀಸೆ ಮೂಡಿತ್ತು. ಆ ಕಾಗದದಲ್ಲಿ ಏನಿತ್ತೆಂದು ಅವನಿಗೆ ಇವತ್ತಿಗೂ ತಿಳಿಯದು.

"ಬೇಡ," ಎಂದ ಬೈರಣ್ಣ. "ನನ್ ಮಗಳು ಯಾರ ಮನೆ ಜೀತಕ್ಕೂ ಹೋಗಲ್ಲ. ಅವನು ಬಿಳಿಯನಾದ್ರೂ ಅಷ್ಟೆ, ನಮ್ಮೋನಾದ್ರೂ ಅಷ್ಟೆ." ಕುಕ್ಕೆ ಹೊತ್ತು ಹೊರಟೇಬಿಟ್ಟ.

ಹೆಂಡತಿ ಮುನಿವೆಂಕಟಮ್ಮನ ಮುಖ ಸಣ್ಣದಾಯಿತು. "ತಪ್ಪು ತಿಳ್ಕೋಬೇಡಿ ಟೀಚರಮ್ಮ. ಆ ಮಾತು ಬಂದ್ರೆ ಆಯಪ್ಪ ಹಂಗೇ."

"ತಪ್ಪೇನಿದೆ? ಪೆಟ್ಟು ತಿಂದವರು ಹೆದರ್ತಾರೆ," ಎಂದರು ಚೂಡಾಮಣಿ.

ಸಂಜೆ ಊಟಕ್ಕೆ ಕುಳಿತಾಗ ಮಂಗಮ್ಮ ಬಾಯಿಬಿಟ್ಟಳು. "ಅಪ್ಪ, ನಾನು ಅರ್ಜಿ ಹಾಕ್ತೀನಿ. ನೀನು ಬೇಡ ಅಂದ್ರೂ ಹಾಕ್ತೀನಿ. ಆದ್ರೆ ಕದ್ದು ಹಾಕಲ್ಲ. ನಿನ್ನ ಎದುರಿಗೇ ಹಾಕ್ತೀನಿ."

"ಹಾಕು ನೋಡೋಣ! ಹೊಸಿಲು ಹೆಂಗೆ ದಾಟ್ತೀಯೋ ನಾನೂ ನೋಡ್ತೀನಿ."

"ಅಪ್ಪಂಗೂ ಮಗಳಿಗೂ ಒಂದೇ ತಲೆ," ಎಂದಳು ಮುನಿವೆಂಕಟಮ್ಮ. "ಮುದ್ದೆ ಆರ್ತಾ ಐತೆ, ಉಂಡು ಜಗಳ ಆಡಿ." ಸಾರು ಬಡಿಸಿ, ಗಂಡನ ಎದುರಿಗೇ ಕುಳಿತಳು. "ಒಂದು ಮಾತು ಕೇಳ್ತೀನಿ. ನಿನ್ನ ಜೀತಕ್ಕೆ ಬಿಡೋವಾಗ, ಹೋಗ್ತೀಯೇನೋ ಮಗ ಅಂತ ನಿನ್ನ ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ನೀನೂ ಇವಳನ್ನ ಕೇಳ್ತಾ ಇಲ್ವಲ್ಲಯ್ಯ."

ಬೈರಣ್ಣ ತುತ್ತು ಕೈಯಲ್ಲಿ ಹಿಡಿದೇ ಕುಳಿತ. ಕೆಲವು ಮಾತು ದೇವರೇ ಹೆಂಡತಿಯ ಬಾಯಲ್ಲಿ ಆಡಿಸುತ್ತಾನೆ.

ಬೆಳಗಾದ ಮೇಲೆ ಅವನು ಜಯನಗರದಲ್ಲಿ ಚೂಡಾಮಣಿಯವರ ಮನೆಯ ಗೇಟಿನಲ್ಲಿ ಕುಕ್ಕೆ ಇಳಿಸಿದ.

"ನಾಲ್ಕು ಮಾತು ಕೇಳ್ತೀನಿ ಟೀಚರಮ್ಮ. ಸುತ್ತಿ ಬಳಸಿ ಹೇಳಬೇಡಿ. ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ?"

"ಇಲ್ಲ. ಇದು ಸಾಲ ಅಲ್ಲ. ಇಲ್ಲೇ ಅಚ್ಚಾಗಿದೆ."

"ಜ್ವರ ಬಂದು ಮಲಗಿದ್ರೆ ಆ ದಿನ ಲೆಕ್ಕಕ್ಕೆ ಹಿಡೀತಾರಾ? ಮಧ್ಯದಲ್ಲಿ ಬಿಟ್ಟು ಬರ್ತೀನಿ ಅಂದ್ರೆ ಹಿಡಿದಿಟ್ಕೊಳ್ತಾರಾ? ಓದು ಮುಗಿದ ಮೇಲೆ ಅವರ ಹತ್ರಾನೇ ದುಡೀಬೇಕಾ?"

ಚೂಡಾಮಣಿ ಪ್ರಕಟಣೆಯನ್ನು ಎರಡು ಸಲ ಓದಿದರು. "ಇದರಲ್ಲಿಲ್ಲ. ನಂಗೆ ಗೊತ್ತಿಲ್ಲ ಬೈರಣ್ಣ."

ದೊಡ್ಡಮನೆಯಲ್ಲಿ ಹನ್ನೊಂದು ವರ್ಷ ಇದ್ದರೂ 'ಗೊತ್ತಿಲ್ಲ' ಎಂಬ ಮಾತನ್ನು ಅವನು ಯಾರ ಬಾಯಲ್ಲೂ ಕೇಳಿರಲಿಲ್ಲ. ಎದೆಯ ಬಿಸಿ ಸ್ವಲ್ಪ ಇಳಿಯಿತು.

"ಗೊತ್ತಿಲ್ದಿದ್ರೆ ಹೆಂಗೆ?"

"ಕೇಳೋಣ. ಕಾಗದ ಬರೆದು ಕೇಳೋಣ."

"ಹಿಂಗೆಲ್ಲ ಕೇಳಿದ್ರೆ ಸಿಟ್ಟು ಮಾಡ್ಕೊಂಡು, ನಿನಗಿಲ್ಲ ಹೋಗು ಅನ್ನಲ್ವಾ?"

"ಕೇಳಿದ್ದಕ್ಕೇ ಸಿಟ್ಟಾಗೋರ ಹತ್ರ ನಮ್ಮ ಹುಡುಗಿ ಹೋಗೋದೇ ಬೇಡ."

ಬೈರಣ್ಣ ನಕ್ಕ. ಆ ಮನೆಗೆ ಅವತ್ತು ಕೊತ್ತಂಬರಿ ಒಂದು ಕಟ್ಟು ಹೆಚ್ಚಿಗೆ ಬಿತ್ತು.

ಮಂಗಮ್ಮ ಅಪ್ಪನ ಉಳಿದ ಮೂರು ಪ್ರಶ್ನೆಗಳನ್ನೂ ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು. ಹದಿನೆಂಟು ದಿನಕ್ಕೆ ನೀಲಿ ಕಾಗದ ಬಂತು. ಜಗಲಿಯಲ್ಲಿ ಕುಳಿತು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದಳು. ಕಾಯಿಲೆಯಾದರೆ ಚಿಕಿತ್ಸೆ ಕೊಡಿಸುತ್ತಾರೆ, ಆ ದಿನಗಳಿಗೆ ಯಾವ ದಂಡವೂ ಇಲ್ಲ. ಮಧ್ಯದಲ್ಲಿ ಬಿಟ್ಟರೆ ವೇತನ ನಿಲ್ಲುತ್ತದೆ, ಆದರೆ ಯಾರೂ ತಡೆಯುವುದಿಲ್ಲ. ಮನೆಗೆ ಮರಳುವ ಚಾರ್ಜು ಅವರೇ ಕೊಡುತ್ತಾರೆ. ಓದು ಮುಗಿದ ಮೇಲೆ ಅವರಿಗೆ ದುಡಿಯಬೇಕೆಂಬ ಕಟ್ಟುಪಾಡು ಇಲ್ಲ.

ಬೈರಣ್ಣ ಎಲ್ಲವನ್ನೂ ಎರಡು ಸಲ ಓದಿಸಿದ. ಆಮೇಲೆ ಎಡಗೈಯನ್ನು ಪಂಚೆಗೆ ಒರೆಸಿಕೊಂಡು ಮುಂದೆ ಚಾಚಿದ. "ಸರಿ. ನಾನೆಲ್ಲಿ ಒತ್ತಬೇಕು ತೋರಿಸು."

"ಎಲ್ಲೂ ಇಲ್ಲಪ್ಪ. ನಂಗೆ ಇಪ್ಪತ್ಮೂರು ವರ್ಷ. ಇದಕ್ಕೆ ನನ್ನ ರುಜು ಒಂದೇ ಸಾಕು."

"ಅಪ್ಪನ ಒಪ್ಪಿಗೆ ಬೇಡ್ವಾ?"

"ಅವರಿಗೆ ಬೇಡ. ನಂಗೆ ಬೇಕು."

ಬೈರಣ್ಣ ತನ್ನ ಹೆಬ್ಬೆಟ್ಟನ್ನು ತಾನೇ ಹೊಸದಾಗಿ ಕಂಡವನ ಹಾಗೆ ನೋಡಿಕೊಂಡ. ಬೇರೆಯವರ ಬೆರಳು ಒತ್ತಿದರೆ ಜೀತ. ತನ್ನ ಕೈಯಾರೆ ಬರೆದು ಕೊಟ್ಟರೆ? ಅದಕ್ಕೆ ಅವನ ಹತ್ತಿರ ಹೆಸರಿರಲಿಲ್ಲ. "ಹಾಕು ಮಗ," ಎಂದ. "ನೀನೇ ಹಾಕು."

ಇಬ್ಬರು ಪ್ರೊಫೆಸರರ ಶಿಫಾರಸು ಪತ್ರ, ಅಧಿಕಾರಿಯ ರುಜು ಬಿದ್ದ ಅಂಕಪಟ್ಟಿಯ ನಕಲು, ಏನು ಸಂಶೋಧನೆ ಮಾಡುತ್ತೇನೆಂಬ ಬರಹ, ಎಲ್ಲವೂ ಕೊನೆಯ ದಿನಕ್ಕೆ ಎರಡು ವಾರ ಮುಂಚೆಯೇ ರಿಜಿಸ್ಟರ್ ಟಪಾಲಿನಲ್ಲಿ ಹೋದವು. ರಸೀತಿ ಕೈಗೆ ಬರುವವರೆಗೆ ಬೈರಣ್ಣ ಅಂಚೆ ಕಚೇರಿಯ ಕಟಕಟೆ ಬಿಟ್ಟು ಅಲ್ಲಾಡಲಿಲ್ಲ.

ಯುಗಾದಿ ಕಳೆದ ಮೇಲೆ ಉತ್ತರ ಬಂತು. ಈ ವರ್ಷ ಆಯ್ಕೆಯಾಗಿಲ್ಲ ಎಂದು.

ದೊಡ್ಡಮನೆಯ ಈಗಿನ ಯಜಮಾನ ಚಿಕ್ಕಬೈರಪ್ಪ ಅರಳಿಕಟ್ಟೆಯ ಮೇಲೆ ಕುಳಿತು ನಕ್ಕ. "ಏನ್ ಬೈರಾ, ಬಿಳಿಯರು ನಿನ್ನ ಮಗಳನ್ನ ಜೀತಕ್ಕೂ ತಗೊಳ್ಳಲಿಲ್ವಂತೆ?"

ಬೈರಣ್ಣ ತಲೆ ತಗ್ಗಿಸಲಿಲ್ಲ. "ಜೀತಕ್ಕಾಗಿದ್ರೆ ತಕ್ಷಣ ತಗೊಳ್ಳೋರು ಸ್ವಾಮಿ. ಇದು ಓದು. ನೋಡಿ, ತೂಗಿ ತಗೊಳ್ತಾರೆ."

ಮನೆಯಲ್ಲಿ ಮಂಗಮ್ಮ ಮೂಲೆ ಹಿಡಿದಿದ್ದಳು. "ಬಿಡಪ್ಪ, ಟ್ರೈನಿಂಗ್ ಮಾಡಿ ಯಾವುದಾದ್ರೂ ಸ್ಕೂಲಿಗೆ ಸೇರ್ಕೋತೀನಿ," ಎಂದಳು.

ಬೈರಣ್ಣ ಕುಕ್ಕೆಯಿಲ್ಲದೆ, ಬರಿಗೈಯಲ್ಲಿ ಜಯನಗರದ ದಾರಿ ಹಿಡಿದ. "ಟೀಚರಮ್ಮ, ಇಂಥವು ಇನ್ನೆಲ್ಲೆಲ್ಲಿ ಕೊಡ್ತಾರೆ? ಒಂದೇ ಮಡಿಗೆ ಬೀಜ ಹಾಕಿ ಕೂತ್ಕೊಂಡಿದ್ವಲ್ಲ ನಾವು!"

ಮಂಗಮ್ಮ ಮತ್ತೆ ಕುಳಿತಳು. ಪ್ರೊಫೆಸರರ ಹತ್ತಿರ ತನ್ನ ಬರಹದ ಕೊರತೆ ಕೇಳಿ ತಿಳಿದುಕೊಂಡಳು. ಅರೆಕೆರೆಯ ಹೊಲಗಳಲ್ಲಿ ರೋಗ ತಗುಲಿದ ತೆನೆ ಆರಿಸಿ ತಂದು, ಒಂದು ಬೆಳೆಯ ಕಾಲವೆಲ್ಲ ನೋಡಿ ಬರೆದಳು. ಎರಡನೆಯ ವರ್ಷ ಮೂರು ಕಡೆ ಅರ್ಜಿ ಹಾಕಿದಳು. ಎರಡು ಕಡೆಯಿಂದ ಇಲ್ಲ ಎಂದು ಬಂತು. ಮೂರನೆಯದು ಒಪ್ಪಿಗೆ ಪತ್ರ.

ಅವತ್ತು ಬೈರಣ್ಣ ಮಗಳನ್ನು ಅರಳಿಕಟ್ಟೆಗೆ ಕರೆದುಕೊಂಡು ಹೋದ. ಚಿಕ್ಕಬೈರಪ್ಪನೂ ಅಲ್ಲಿದ್ದ.

"ಓದು ಮಗ. ಗಟ್ಟಿಯಾಗಿ ಓದು, ಒಂದು ಸಾಲೂ ಬಿಡಬೇಡ," ಎಂದ. "ನನ್ನ ಕಾಗದ ಯಾರೂ ಓದಿ ಹೇಳಲಿಲ್ಲ. ನಿಂದು ಊರೆಲ್ಲ ಕೇಳಲಿ."

ಮಂಗಮ್ಮ ಓದಿದಳು. ಕಟ್ಟೆಯ ಮೇಲಿದ್ದವರಲ್ಲಿ ಮೊದಲು ಎದ್ದು ಹೋದವನು ಚಿಕ್ಕಬೈರಪ್ಪ.

ಇದನ್ನು ಓದುತ್ತಿರುವ ಅಮ್ಮಂದಿರೆ, ಅಪ್ಪಂದಿರೆ, ನಿಮ್ಮ ಮನೆಯಲ್ಲೂ ಎಂ.ಎ., ಎಂ.ಎಸ್ಸಿ. ಮುಗಿಸಿದ ಮಗಳೋ ಮಗನೋ ಇದ್ದರೆ, ಹೊರದೇಶದ ಓದು ಶ್ರೀಮಂತರಿಗೆ ಮಾತ್ರ ಎಂದು ಬಾಗಿಲು ಹಾಕಬೇಡಿ. ಖರ್ಚನ್ನೆಲ್ಲ ತಾವೇ ಹೊತ್ತು ಓದಿಸುವ ವಿದ್ಯಾರ್ಥಿವೇತನಗಳಿವೆ. ಪತ್ರಿಕೆ ನೋಡಿ, ಕಾಲೇಜಿನಲ್ಲಿ ವಿಚಾರಿಸಿ. ಕೊಡಿಸುತ್ತೇನೆಂದು ಹಣ ಕೇಳುವವನು ಬಂದರೆ ಜಗಲಿಯಿಂದಲೇ ಕಳಿಸಿ. ಸಂಶಯ ಬಂದರೆ ಹೆದರದೆ ಬರೆದು ಕೇಳಿ; ಕೇಳುವುದು ನಿಮ್ಮ ಹಕ್ಕು. ಷರತ್ತುಗಳನ್ನು ಪೂರ್ತಿ ಓದಿಸಿಕೊಳ್ಳದೆ ಯಾವ ಕಾಗದಕ್ಕೂ ರುಜು ಬೇಡ. ಕೊನೆಯ ದಿನ ಬರುವ ಮೊದಲೇ ಅರ್ಜಿ ಕಳಿಸಿ. ಇಲ್ಲ ಎಂದು ಬಂದರೆ ಅತ್ತು ಮುಗಿಸಿ, ಮತ್ತೆ ಹಾಕಿ. ಯಾರಾದರೂ ನಕ್ಕರೆ ನಗಲಿ. ಅವರ ನಗುವಿಗೆ ಹೆದರಿ ನಿಮ್ಮ ಮಕ್ಕಳನ್ನು ಹೊಸಿಲೊಳಗೆ ಇಟ್ಟುಕೊಂಡರೆ, ಅದೇ ಜೀತ.