ಅವಳಿ ಹಕ್ಕಿಗಳ ಗೂಡು

ಜೋಗಿಮಟ್ಟಿಯ ನೆತ್ತಿಯ ಮೇಲೆ ಇನ್ನೂ ಗಾಳಿಯಂತ್ರಗಳು ತಿರುಗದಿದ್ದ ಕಾಲಕ್ಕೆ, ಒಂದು ಗೂಡಿನಿಂದ ಒಂದೇ ಗಳಿಗೆಗೆ ಎರಡು ಹಕ್ಕಿ ಹಾರಿದುವಂತೆ. ಒಂದು ಮೂಡಲಿಗೆ, ಒಂದು ಪಡುವಲಿಗೆ. ಅವು ಹಾರಿದ್ದೇ ತಡ, ಗೂಡು ಮಾಯ. ಎರಡು ದಿಕ್ಕಿನಲ್ಲೂ ಒಬ್ಬೊಬ್ಬಳು ಬಾಗಿಲಲ್ಲಿ ಕಾದು ಕೂತಿದ್ದಳು. ಯಾರ ಬಾಗಿಲಿಗೆ ಹಕ್ಕಿ ಮೊದಲು ಬಂತೋ, ಗೂಡು ಅವಳಿಗೇ ಹತ್ತಿರವಿತ್ತು ಅಂತ ಲೆಕ್ಕ.

“ಹ್ಞೂ,” ಅಂದಳು ಬೋರಕ್ಕ, ಮಾಡದಕೆರೆಯಿಂದ, ಫೋನಿನಲ್ಲಿ. “ಗೂಡು ಸಿಕ್ತಾ?”

“ಇನ್ನೂ ಇಲ್ಲ ಅಜ್ಜಿ,” ಅಂದಳು ಕತೆ ಹೇಳುತ್ತಿದ್ದ ಮೊಮ್ಮಗಳು ಯಶೋಧಾ.

“ಹಂಗಾದ್ರೆ ಸೋಮಾರ ಆ ಪೆಟ್ಟಿಗೆ ಒಳಕ್ಕೆ ನಾನು ಬರಾಕಿಲ್ಲ, ಬಿಡು.”

ಮೊದಲ ಸಲ ಪೆಟ್ ಸ್ಕ್ಯಾನ್ ಮಾಡಿಸಿದಾಗ ಸೂಜಿ ಚುಚ್ಚಿ ಬೋರಕ್ಕನನ್ನು ಒಂದು ಕೋಣೆಯಲ್ಲಿ ಒಂಟಿಯಾಗಿ ಕೂರಿಸಿದ್ದರು. ಮೈಯಲ್ಲಿ ಔಷಧಿಯ ಕಿರಣವಿರುತ್ತದೆಂದು ಹತ್ತಿರ ಯಾರನ್ನೂ ಬಿಟ್ಟಿರಲಿಲ್ಲ. “ಗ್ವಾಡೆ ನೋಡ್ಕಂಡು ಕುಂತಿದ್ದೆ ಕಣವ್ವ. ಹ್ಞೂ ಅನ್ನಾಕೂ ಒಂದು ನರಪಿಳ್ಳೆ ಇರ್ಲಿಲ್ಲ. ಆಮೇಲೆ ಆ ಪೆಟ್ಟಿಗೆ ನನ್ನೊಳಗೆ ಏನು ಕಂಡ್ತೋ ಏನೋ,” ಎಂದಿದ್ದಳು. ಆಗ ಯಶೋಧಾ ಮಾತು ಕೊಟ್ಟಿದ್ದಳು: ಅದು ಹೇಗೆ ಕಾಣುತ್ತದೆಂದು ಕಣ್ಣಾರೆ ನೋಡಿ ಹೇಳುತ್ತೇನೆ. ಮುಂದಿನ ಸ್ಕ್ಯಾನಿಗೆ ಇನ್ನು ಎರಡೇ ದಿನ.

ಯಶೋಧಾ ಕೂತಿದ್ದ ಚಿತ್ರದುರ್ಗದ ಕಾಲೇಜಿನ ಪ್ರಯೋಗಾಲಯದಲ್ಲಿ ಎದುರುಬದುರು ಎರಡು ಹರಳುಗಳಿದ್ದವು. ನಟ್ಟನಡುವೆ, ಒಂದೇ ಗಳಿಗೆಗೆ ಎರಡು ದಿಕ್ಕಿಗೂ ಕಿರಣ ಹಾರಿಸುವ ವಿಕಿರಣ ಸೋಡಿಯಂನ ಒಂದು ಚುಕ್ಕೆ. ಕಿರಣ ತಾಕಿದಾಗಲೆಲ್ಲ ಹರಳು ಮಿನುಗಿ, ಕಂಪ್ಯೂಟರಿನಲ್ಲಿ ಒಂದು ಮಿಡಿತ ಮೂಡುತ್ತಿತ್ತು. ಅದು ಏಳತೊಡಗಿದ ಗಳಿಗೆಯನ್ನು ಕರಾರುವಾಕ್ಕಾಗಿ ಹಿಡಿಯಬೇಕು. ಎರಡು ಗಳಿಗೆಗಳ ವ್ಯತ್ಯಾಸದಲ್ಲೇ ಗೂಡಿನ ಗುರುತು. ಆದರೆ ಯಶೋಧಾಳ ಪ್ರೋಗ್ರಾಂ ಗೂಡನ್ನು ಮೇಜಿನ ಉದ್ದಗಲಕ್ಕೂ ಚೆಲ್ಲಾಡುತ್ತಿತ್ತು.

“ಪುಸ್ತಕದಾಗಿರೋದನ್ನೇ ಹೇಳಿಬಿಡ್ರಿ ಅಕ್ಕ. ಅಜ್ಜಿ ಏನು ವೈವಾ ತಗಂತಾರಾ?” ಜೊತೆಗೆ ಕೆಲಸ ಮಾಡುವ ಹನುಮೇಶ್ ಬ್ಯಾಗು ಹೆಗಲಿಗೇರಿಸಿದ. ಭರಮಸಾಗರದ ಬಸ್ಸಿಗೆ ಹೊತ್ತಾಗಿತ್ತು.

“ತಗಂತಾಳೆ ಕಣೋ. ಹ್ಞೂ ಅನ್ನೋದು ನಿಲ್ಲಿಸಿಬಿಟ್ರೆ ನಾನು ಫೇಲು.”

ಅವನು ನಗುತ್ತ ಹೋದ. ಮೆಟ್ಟಿಲ ಮೇಲೆ ಅವನ ಚಪ್ಪಲಿಯ ಸದ್ದು ಇಳಿದಿಳಿದು ಇಲ್ಲವಾಯಿತು. ಶನಿವಾರದ ಕಾಲೇಜು ಬಿಕೋ ಎನ್ನತೊಡಗಿತು. ಪರದೆಯ ಮೇಲೆ ಜೊತೆ ಸಿಗದ ಮಿಡಿತಗಳನ್ನು ಪ್ರೋಗ್ರಾಂ ಒಂದೊಂದಾಗಿ ಎಸೆಯುತ್ತಿತ್ತು. ಅಂಥವೇ ಹೆಚ್ಚು. ಯಶೋಧಾ ಡಬ್ಬಿ ಬಿಚ್ಚಿ, ತಣ್ಣಗಾದ ಮುದ್ದೆಯನ್ನು ನೋಡಿ, ಮತ್ತೆ ಮುಚ್ಚಿದಳು.

ಫೋನು ಬಂತು. “ಉಂಡ್ಯಾ?”

“ಹ್ಞೂ.”

“ಸುಳ್ಳಿ. ನಿನ್ನ ಹ್ಞೂ ನಂಗೆ ಗೊತ್ತಾಗಲ್ವ? ಆ ಹೆಣ್ಮಗಳು ಬಾಗಿಲಾಗೆ ಕುಂತಿದ್ಲಲ್ಲ, ಮುಂದಕ್ಕೆ ಹೇಳು.”

ಯಶೋಧಾ ಒಂದೊಂದು ವಾಕ್ಯ ಹೇಳಿ ಕಾದಳು. ಹ್ಞೂ ಬರುವ ಮೊದಲು ಅಜ್ಜಿಯ ಮನೆ ಕೇಳಿಸುತ್ತಿತ್ತು. ಒಮ್ಮೆ ಫ್ಯಾನಿನ ಕಿರಕಿರ, ಒಮ್ಮೆ ಕೋಳಿ, ಒಮ್ಮೆ ಪಕ್ಕದ ಮನೆಯ ಮಿಕ್ಸಿ. ಒಂದು ಸಲ ಏನೂ ಇಲ್ಲ. ಅಜ್ಜಿಯ ಧ್ವನಿ ಪ್ರತಿ ಸಲವೂ ಬೇರೆಯೇ ಒಂದು ನೆಲದಿಂದ ಮೇಲೇಳುತ್ತಿತ್ತು.

“ಯಾಕವ್ವ, ಸುಮ್ಕಾದೆ?”

“ಇರು ಅಜ್ಜಿ. ಮತ್ತೆ ಮಾಡ್ತೀನಿ.”

ಅವಳು ಪರದೆಯ ಮಿಡಿತಗಳನ್ನು ಹಿಗ್ಗಿಸಿ ನೋಡಿದಳು. ಏಳುವ ಮುಂಚಿನ ಗೆರೆ ಒಂದರಲ್ಲಿ ಕೂದಲೆಳೆಯಷ್ಟು ಮೇಲೆ, ಇನ್ನೊಂದರಲ್ಲಿ ಕೂದಲೆಳೆಯಷ್ಟು ಕೆಳಗೆ. ಆ ಗೆರೆಯೇ ಮಿಡಿತದ ಮೊದಲಿನ ಮೌನ; ಇಷ್ಟು ದಿನ ಅವಳು ಎಲ್ಲ ಮಿಡಿತಗಳಿಂದಲೂ ಒಂದೇ ಅಳತೆಯ ಮೌನವನ್ನು ಕಳೆಯುತ್ತಿದ್ದಳು. ಈಗ ಪ್ರೋಗ್ರಾಂ ತಿದ್ದಿದಳು: ಮೊದಲು ಆಯಾ ಮಿಡಿತದ ಮೌನವನ್ನು ಅಳೆ, ಅಲ್ಲಿಂದ ಅದರದೇ ಎತ್ತರದ ಐದನೇ ಒಂದು ಪಾಲಿಗೆ ಬಂದಾಗ ಗಳಿಗೆ ಗುರುತಿಸು.

ಚೆಲ್ಲಾಡಿದ್ದ ಚುಕ್ಕೆಗಳು ನಡುವೆ ಒಂದು ಗುಡ್ಡವಾಗಿ ಕೂಡಿಕೊಂಡವು. ಅವಳು ಸೋಡಿಯಂ ಚುಕ್ಕೆಯನ್ನು ನಾಲ್ಕು ಬೆರಳಿನಷ್ಟು ಎಡಕ್ಕೆ ಸರಿಸಿ ಪರದೆ ನೋಡಿದಳು. ಗುಡ್ಡವೂ ಎಡಕ್ಕೆ ಸರಿದು ನಿಂತಿತು. ತೋರಿಸೋಣವೆಂದು ತಿರುಗಿದರೆ, ಹನುಮೇಶನ ಕುರ್ಚಿ ಖಾಲಿ.

“ಗೂಡು ಸಿಕ್ತು ಅಜ್ಜಿ. ಕಣ್ಣಾರೆ ಕಂಡೆ.”

“ಹಕ್ಕಿಗಳು?”

“ಬಾಗಿಲಿಗೆ ಬಂದ ಕೂಡ್ಲೇ ಮಿನುಗಿ ಹೋಗ್ತಾವೆ. ಗೂಡೂ ಇರಲ್ಲ. ಇಲ್ಲಿತ್ತು ಅನ್ನೋದೊಂದು ಉಳಿಯುತ್ತೆ. ನಿನ್ನೊಳಗಿಂದಲೂ ಹಂಗೇ ಹಾರ್ತಾವೆ. ಆ ಪೆಟ್ಟಿಗೆ ಬಾಗಿಲಲ್ಲಿ ಕಾಯ್ಕೊಂಡಿರುತ್ತೆ, ಅಷ್ಟೇ. ಕತೆ ಮುಗೀತು.”

ಆ ಕಡೆ ಫ್ಯಾನು ಕಿರಗುಟ್ಟಿತು. ಒಂದು ಕೋಳಿ ಕೊಕ್ಕೆಂದಿತು. ಯಶೋಧಾ ಫೋನನ್ನು ಕಿವಿಗೊತ್ತಿ ಕಾದಳು.

“ಹ್ಞೂ,” ಅಂದಳು ಬೋರಕ್ಕ.