ಬೊಟ್ಟಿನ ಸಾಕ್ಷಿ

ನಾನೊಂದು ಪ್ರತಿಕಾಯ, ಅಂದರೆ ಆಂಟಿಬಾಡಿ. ಬೆರಳುದ್ದದ ಸೀಸೆಯಲ್ಲಿ ಒಂದೇ ಅಚ್ಚಿನ ಕೋಟ್ಯಂತರ ಮಂದಿ ಇದ್ದೇವೆ, ಆದರೂ ಮಾತು ಒಂದೇ. ತಾಯಿ ಬಿಳಿ ಇಲಿ. ಅವಳ ಒಂದು ಜೀವಕೋಶವನ್ನು ಸಾಯಲೊಲ್ಲದ ಕ್ಯಾನ್ಸರ್ ಕೋಶದ ಜೊತೆ ಬೆಸೆದು ನನ್ನನ್ನು ಹುಟ್ಟಿಸಿದರಂತೆ. ಆ ಕೋಶಕ್ಕಾಗಿ ಅವಳನ್ನು ಕೊಂದರಂತೆ.

ನನಗೆ ಬರುವುದು ಒಂದೇ ಕೆಲಸ. ಜೀವಕೋಶದೊಳಗೊಂದು ಪ್ರೋಟೀನು ಇದೆ. ಅದಕ್ಕೆ ಫಾಸ್ಫೇಟ್ ಎಂಬ ಬೊಟ್ಟು ಬಿದ್ದರೆ ಎಚ್ಚೆತ್ತು ಕ್ಯಾನ್ಸರ್ ಬೆಳೆಸುತ್ತದೆ. ಬೊಟ್ಟು ಇದ್ದರೆ ನಾನು ಗಟ್ಟಿಯಾಗಿ ಹಿಡಿಯುತ್ತೇನೆ, ಪರೀಕ್ಷೆಯ ಪಟ್ಟಿಯಲ್ಲಿ ಕಪ್ಪು ಗೆರೆ ಮೂಡುತ್ತದೆ. ಇಲ್ಲದಿದ್ದರೆ ತೆಪ್ಪಗಿರುತ್ತೇನೆ.

ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದ ತನುಜಾ ನನ್ನ ಒಡತಿ. ಅವಳ ಗುರು ನಂಜರಾಜೇ ಅರಸ್ ಒಂದು ಸೊಪ್ಪಿನಿಂದ ಔಷಧಿ ತೆಗೆದಿದ್ದರು. ಅದು ಆ ಬೊಟ್ಟನ್ನು ತಡೆಯುತ್ತದೆಯೇ ಎಂದು ನೋಡುವುದು ಅವಳ ಐದು ವರ್ಷದ ದುಡಿಮೆ.

ಆಯುಧಪೂಜೆಯ ದಿನ ಅವಳು ಔಷಧಿ ಹಾಕದ ಕೋಶಗಳ ರಸವನ್ನು ಕುದಿಸಿ ಮುಗಿಸಿದ್ದಳು. ಔಷಧಿ ಹಾಕಿದವುಗಳ ಕೊಳವೆಗಳು ಐಸ್ ಬಕೆಟ್ಟಿನಲ್ಲಿ ಸರದಿ ಕಾಯುತ್ತಿದ್ದವು. ಅಷ್ಟರಲ್ಲಿ ಗುರುಗಳು ಅವಳನ್ನು ಹೂ ತರಲು ಕಳುಹಿಸಿದರು. ಅಟೆಂಡರ್ ಪುಟ್ಟಮಾದಯ್ಯ ಯಂತ್ರಗಳನ್ನೆಲ್ಲ ಒರೆಸಿದ. ಬಕೆಟ್ಟೂ ಕೊಳೆಯಾಗಿದೆಯೆಂದು ಕೊಳವೆಗಳನ್ನು ಬಿಸಿಲು ಬೀಳುವ ಮೇಜಿನ ಮೇಲಿಟ್ಟು, ತೊಳೆದು, ಕುಂಕುಮ ಹಚ್ಚಿದ. ನನ್ನ ಸೀಸೆಯನ್ನೂ ಪೂಜೆಯ ತಟ್ಟೆಯಲ್ಲಿಟ್ಟು ಒಂದು ಬೊಟ್ಟಿಟ್ಟ.

ನಾನು ಬೆಚ್ಚಿಬಿದ್ದೆ. ಕುದಿಸಿದ ರಸದಲ್ಲಿ ಪ್ರೋಟೀನಿನ ಬೊಟ್ಟು ಭದ್ರ; ಕುದಿಸದ ರಸದಲ್ಲಿ ಐಸ್ ಇಲ್ಲದೆ ಹೊತ್ತು ಹೋದರೆ ಅದು ತಾನಾಗಿಯೇ ಉದುರುತ್ತದೆ. ಕೂಗೋಣವೆಂದರೆ ಬಾಯಿಲ್ಲ. ಒಂದು ಗಂಟೆ ಕಳೆದ ಮೇಲೆ ಪುಣ್ಯಾತ್ಮ ಹೊಸ ಐಸ್ ತುಂಬಿ ಎಲ್ಲವನ್ನೂ ಮೊದಲಿನಂತೆ ಜೋಡಿಸಿದ. ತನುಜಾಗೆ ಏನೂ ಗೊತ್ತಾಗಲಿಲ್ಲ.

ಪರೀಕ್ಷೆಯಲ್ಲಿ ಔಷಧಿ ಇಲ್ಲದ ಕಡೆ ಗೆರೆ ಮೂಡಿಸಿದೆ, ಇದ್ದ ಕಡೆ ಸುಮ್ಮನಿದ್ದೆ. ಬೊಟ್ಟೇ ಇಲ್ಲ, ಇನ್ನೇನು ಮಾಡಲಿ? ಅದೇ ಕೊಳವೆಗಳಿಂದ ಮೂರು ಸಲ ನೋಡಿದರು, ಮೂರು ಸಲವೂ ಅದೇ.

"ಔಷಧಿ ಕೆಲ್ಸ ಮಾಡ್ತಿದೆ ಕಣಮ್ಮ," ಎಂದು ಗುರುಗಳು ಮೈಸೂರು ಪಾಕ್ ಹಂಚಿದರು. ಅಯ್ಯೋ ದೇವರೇ, ನನ್ನ ಮೌನಕ್ಕೆ ಇಂಥ ಅರ್ಥವೇ!

ವರ್ಷ ಕಳೆಯಿತು. ಪ್ರಬಂಧ ಸಿದ್ಧವಾಯಿತು. ಔಷಧಿಯನ್ನು ರೋಗಿಗಳಿಗೆ ಕೊಟ್ಟು ನೋಡುವ ಮಾತೂ ಶುರುವಾಯಿತು. ಮತ್ತೆ ಆಯುಧಪೂಜೆ ಬಂತು.

"ಬಕೀಟ್ ತೊಳ್ದುಬುಡ್ಲಾ ಅವ್ವ? ಹೋದ್ವರ್ಸದಂಗೆ ಕೊಳವೆಗಳ್ನ ಮೇಜಿನ್ ಮ್ಯಾಲೆ ಮಡಗ್ತೀನಿ," ಎಂದ ಪುಟ್ಟಮಾದಯ್ಯ.

"ಹೋದ ವರ್ಷ ಐಸ್ ಇಲ್ದೆ ಇಟ್ಟಿದ್ರಾ?"

"ಒಂದ್ ಗಂಟೆ ಅಷ್ಟೇಯ."

ತನುಜಾಳ ಕೈಯಲ್ಲಿದ್ದ ಹೂವಿನ ಪೊಟ್ಟಣ ಕೆಳಗೆ ಬಿತ್ತು. ಮರುದಿನದಿಂದಲೇ ಹೊಸ ಕೋಶಗಳನ್ನು ಬೆಳೆಸಿದಳು, ಔಷಧಿ ಹಾಕಿದಳು, ಕೊಳವೆಗಳ ಪಕ್ಕದಿಂದ ಕದಲಲಿಲ್ಲ. ಸೀಸೆಯ ತಳದಲ್ಲಿದ್ದ ನನ್ನ ಕೊನೆಯ ಹನಿಯನ್ನೂ ಸುರಿದಳು. ಔಷಧಿ ಇದ್ದರೂ ಇಲ್ಲದಿದ್ದರೂ ಒಂದೇ ಕಪ್ಪು ಗೆರೆ.

ಗುರುಗಳು ನನ್ನ ಸೀಸೆಯನ್ನೆತ್ತಿ ಚೀಟಿ ಓದಿದರು. "ಇದರ ಅವಧಿ ಮುಗಿದು ತಿಂಗಳಾಯ್ತಲ್ಲಮ್ಮ. ಇದರ ಮಾತು ನಂಬ್ತೀಯಾ?"

ಹುಟ್ಟಿದಾರಭ್ಯ ಸುಳ್ಳಾಡದ ನನಗೆ ಈ ಮಾತು!

ತನುಜಾ ಗೆರೆಗಳ ಪಟ್ಟಿಯನ್ನು ಅವರ ಮುಂದಿಟ್ಟಳು. "ಅದು ಸತ್ತಿದ್ರೆ ಗೆರೆ ಬರ್ತಾನೇ ಇರ್ಲಿಲ್ಲ ಸರ್."

ಗುರುಗಳು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಪೆನ್ನು ತೆಗೆದು, ಪ್ರಬಂಧದ ಮೊದಲ ಪುಟದಲ್ಲಿದ್ದ "ತಡೆಯುತ್ತದೆ" ಎಂಬುದನ್ನು ಹೊಡೆದು, "ತಡೆಯುವುದಿಲ್ಲ" ಎಂದು ಬರೆದರು.

ಈಗ ನಾನು ತನುಜಾಳ ಮೇಜಿನ ಮೂಲೆಯಲ್ಲಿರುವ ಖಾಲಿ ಸೀಸೆಯ ಗೋಡೆಗಂಟಿದ ಪಸೆ ಮಾತ್ರ. ಸೀಸೆಯ ಮೇಲೆ ಪುಟ್ಟಮಾದಯ್ಯನ ಕುಂಕುಮ ಇನ್ನೂ ಇದೆ. ಎರಡನೆಯ ಆಯುಧಪೂಜೆಯ ದಿನ ಅವನು ಬಕೆಟ್ಟಿನ ಮಾತೆತ್ತದೆ ಹೋಗಿದ್ದರೆ ಎಷ್ಟು ಜನ ಆ ಸೊಪ್ಪಿನ ರಸವನ್ನೇ ನಂಬಿ ಕೂರುತ್ತಿದ್ದರೋ.